ಎಡಕ್ಕಲ್ ಗುಹೆ: ಕೊಡಗಿನಿಂದ ಹೋಗುವವರಿಗೆ

ಸೋಮವಾರಪೇಟೆ ಕಡೆಯ ದೊಡ್ಡಮಳ್ತೆಯಲ್ಲಿ ಬೃಹತ್ ಶಿಲಾಯುಗದ ಕಲ್ಗೋರಿಗಳಿವೆ. ಆದರೆ ಎಡಕ್ಕಲ್ ಗುಹೆಯ ಗೋಡೆ ತುಂಬ ಕೊರೆದ ಚಿತ್ರಗಳನ್ನು ನೋಡಬೇಕೆಂದರೆ ಕುಟ್ಟ, ತೋಲ್ಪೆಟ್ಟಿ, ಮಾನಂದವಾಡಿ ದಾಟಿ ವಯನಾಡಿನ ಅಂಬಲವಯಲ್‌ಗೆ ಹೋಗಬೇಕು. ಹೋಗಿ ಬರುವಷ್ಟು ಬೆಲೆ ಖಂಡಿತ ಇದೆ, ಭಾನುವಾರ ಮಧ್ಯಾಹ್ನ ಮಾತ್ರ ಬೇಡ. ಸಾಲು ಹಿಂದಿನಿಂದ ತಳ್ಳುತ್ತಿರುತ್ತದೆ, ಚಿತ್ರಕ್ಕಿಂತ ಮುಂದಿನವರ ಬೆನ್ನೇ ಹೆಚ್ಚು ಕಾಣುತ್ತದೆ. ವಾರದ ನಡುವೆ, ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಸೋಮವಾರ ರಜೆ.

ಅಂಬುಕುತ್ತಿ ಬೆಟ್ಟದಲ್ಲಿ, ಸಮುದ್ರಮಟ್ಟದಿಂದ ಸುಮಾರು 1200 ಮೀಟರ್ ಎತ್ತರದಲ್ಲಿದೆ ಈ ಜಾಗ. ಗಾಡಿ ಕೆಳಗೇ ನಿಲ್ಲುತ್ತದೆ. ಅಲ್ಲಿಂದ ಏರುದಾರಿ, ಆಮೇಲೆ ಕಡಿದಾದ ಕಬ್ಬಿಣದ ಮೆಟ್ಟಿಲು. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ, ಅಡಿ ಸವೆದ ಚಪ್ಪಲಿ ಹಾಕಿಕೊಂಡು ಹೋಗಬೇಡಿ.

ಹೆಸರು ಗುಹೆ ಎಂದಿದ್ದರೂ ಅದು ಬಂಡೆ ಸೀಳಿ ಆದ ಬಿರುಕು, ನೆತ್ತಿಯಲ್ಲಿ ಒಂದು ದೊಡ್ಡ ಕಲ್ಲು ಸಿಕ್ಕಿಕೊಂಡಿದೆ. ಮೇಲಿನ ಕೋಣೆ ಸುಮಾರು 96 ಅಡಿ ಉದ್ದ, 22 ಅಡಿ ಅಗಲ. ಬೆಳಕು ಬರುವುದು ಮೇಲಿನ ಸಂದಿಯಿಂದ. ಫೋಟೊ ಕೆಡುವುದೂ ಇದರಿಂದಲೇ: ಸಂದಿ ಫ್ರೇಮಿನೊಳಗೆ ಬಂದರೆ ಮೊಬೈಲು ಅದರ ಬೆಳಕಿಗೆ ಹೊಂದಿಕೊಂಡು ಗೋಡೆಯನ್ನು ಕಪ್ಪು ಮಾಡಿಬಿಡುತ್ತದೆ. ಫ್ಲ್ಯಾಶ್ ಹಾಕಿದರೆ ಇನ್ನೂ ಕೆಟ್ಟದು. ಬೆಳಕು ನೇರ ಬಡಿದಾಗ ಗೆರೆಯೊಳಗೆ ನೆರಳು ಬೀಳುವುದಿಲ್ಲ, ಆಳವೇ ಮಾಯ. ಫ್ಲ್ಯಾಶ್ ಆರಿಸಿ, ಗೋಡೆಯ ಮೇಲೆ ಬೆರಳೊತ್ತಿ ಫೋಕಸ್ ಲಾಕ್ ಮಾಡಿ, ಬೆಳಕು ಓರೆಯಾಗಿ ಬಿದ್ದ ಭಾಗವನ್ನೇ ತೆಗೆಯಿರಿ.

ಮೊದಲ ನೋಟಕ್ಕೆ ಎಲ್ಲ ಗೋಜಲು, ಗೆರೆಯ ಮೇಲೆ ಗೆರೆ. ತಲೆಯ ಮೇಲಿನ ಕಿರೀಟದಂಥ ಅಲಂಕಾರವನ್ನು ಮೊದಲು ಹುಡುಕಿ, ಅಲ್ಲಿಂದ ಕಣ್ಣು ಕೆಳಗಿಳಿಸಿ, ಮನುಷ್ಯಾಕೃತಿ ಬಿಡಿಸಿಕೊಳ್ಳುತ್ತದೆ. ಹಳೆಯ ಗೆರೆ ಅಗಲವಾಗಿ, ಆಳವಾಗಿ ಇರುತ್ತದೆ, ಬಣ್ಣದಲ್ಲಿ ಬಂಡೆಯೊಂದಿಗೆ ಬೆರೆತಿರುತ್ತದೆ. ತೆಳ್ಳಗೆ ಬಿಳಿಚಿಕೊಂಡ ಗೀರು ಕಂಡರೆ ಅದು ಈಚಿನವರ ಕಿತಾಪತಿ. ಜೊತೆಗೆ ಬ್ರಾಹ್ಮಿ ಲಿಪಿಯ ಬರಹಗಳೂ ಇವೆ, ಅವು ಚಿತ್ರಗಳಿಗಿಂತ ಬಹಳ ಈಚಿನವು. ಚಿತ್ರಗಳನ್ನು ನವಶಿಲಾಯುಗದವು ಎನ್ನುತ್ತಾರೆ. ಇಷ್ಟೇ ಸಾವಿರ ವರ್ಷ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ಪೂರ್ತಿ ನಂಬಬೇಡಿ. ಹಳೆಯ ಇದ್ದಿಲನ್ನು ಪರೀಕ್ಷಿಸಿ ಅದರ ವಯಸ್ಸು ಲೆಕ್ಕ ಹಾಕಿದ ಹಾಗೆ ಕಲ್ಲಲ್ಲಿ ಕೊರೆದ ಗೆರೆಯ ವಯಸ್ಸನ್ನು ಲೆಕ್ಕ ಹಾಕಲಾಗದು. ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 1901ರಲ್ಲಿ ಇವುಗಳ ಬಗ್ಗೆ ಲೇಖನ ಪ್ರಕಟಿಸಿದ ಮೇಲೆ ಹೊರಗಿನವರಿಗೆ ಗೊತ್ತಾಯಿತು.

ಗೋಡೆ ಮುಟ್ಟಬೇಡಿ. ಸ್ಪಷ್ಟವಾಗಿ ಕಾಣಲಿ ಎಂದು ಸೀಮೆಸುಣ್ಣ ಎಳೆಯುವುದಂತೂ ಬೇಡವೇ ಬೇಡ, ಕೊರೆದವರು ಗೆರೆಯೊಳಗೆ ಉಜ್ಜಿದ ಗುರುತು ಹಾಳಾಗುತ್ತದೆ. ಒಳಗೆ ವಿವರಣೆ ಹೆಚ್ಚಾಗಿ ಮಲಯಾಳಂನಲ್ಲಿ. ಕುಟ್ಟ, ವಿರಾಜಪೇಟೆ ಕಡೆಯವರಿಗೆ ಅದೇನು ತೊಡಕಲ್ಲ ಬಿಡಿ. ಇಳಿದ ಮೇಲೆ ಸಮಯ ಉಳಿದರೆ ಅಂಬಲವಯಲ್‌ನ ವಯನಾಡು ಹೆರಿಟೇಜ್ ಮ್ಯೂಸಿಯಂ ನೋಡಿ, ಅಲ್ಲಿನ ವೀರಗಲ್ಲುಗಳು ಚೆನ್ನಾಗಿವೆ.