ಅಟ್ಯಾಚ್‌ಮೆಂಟಿನ ಎರರ್ ಕೋಡ್ ನೋಡಿ ಬಿಡಿಭಾಗ ಕೊಳ್ಳುವ ಮುನ್ನ

ಕಳೆದ ಮಳೆಗಾಲದ ಕೊನೆಯಲ್ಲಿ ನನ್ನ ಸ್ಕಿಡ್ ಸ್ಟಿಯರ್ ಲೋಡರ್‌ನ ಒಂದು ಎರರ್ ಕೋಡಿನ ಹಿಂದೆ ಬಿದ್ದು ನಾನು 67,400 ರೂಪಾಯಿ ಕಳೆದುಕೊಂಡೆ. ದೋಷವಿದ್ದದ್ದು ಒಂದು ಕನೆಕ್ಟರಿನೊಳಗಿನ ಒಂದು ಪಿನ್ನಿನಲ್ಲಿ; ಅದನ್ನು ಸರಿಪಡಿಸಲು ಕೊನೆಗೆ ತಗುಲಿದ್ದು ಸಾಮಾನಿಗೆ 350 ರೂಪಾಯಿ, ಕೂಲಿಗೆ 1,200 ರೂಪಾಯಿ. ಬೆಂಗಳೂರಿನಲ್ಲಿ ಇಂಥ ಸಣ್ಣ ಯಂತ್ರಗಳನ್ನು ಒಂದೋ ಎರಡೋ ಇಟ್ಟುಕೊಂಡು ಬಾಡಿಗೆಗೆ ಓಡಿಸುವವರು ಹಲವರಿರುವುದರಿಂದ ನಡೆದದ್ದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಪೆದ್ದುತನದ ಪಾಲೂ ಸಾಕಷ್ಟಿದೆ.

ಅಗೆಯುವ ಯಂತ್ರಗಳೆಲ್ಲ ನಮ್ಮ ಜನರ ಬಾಯಲ್ಲಿ ಜೆಸಿಬಿ ಆಗಿರುವಂತೆ ಈ ಕುಳ್ಳ ಲೋಡರ್‌ಗಳೆಲ್ಲ ಬಾಬ್‌ಕ್ಯಾಟ್ ಆಗಿವೆ. ನನ್ನದು ಬೇರೆ ಕಂಪನಿಯದಾದರೂ ಸೈಟಿನಲ್ಲಿ ಅದಕ್ಕೆ ಅದೇ ಹೆಸರು. ಬಕೆಟ್ ಕಳಚಿ ಪ್ಲೇನರ್ ಎಂಬ ಅಟ್ಯಾಚ್‌ಮೆಂಟ್ ಕಟ್ಟಿದರೆ ಅದು ಹಳೆಯ ಡಾಂಬರನ್ನು ಕೆರೆದು ತೆಗೆಯುತ್ತದೆ. ಕೆರೆಯುವ ಡ್ರಮ್ ತಿರುಗುವುದು ಹೈಡ್ರಾಲಿಕ್ ಒತ್ತಡದಿಂದ. ಆದರೆ ಡ್ರಮ್ಮನ್ನು ಎಡಕ್ಕೋ ಬಲಕ್ಕೋ ಸರಿಸಲು, ಓರೆ ಮಾಡಲು ಆ ಎಣ್ಣೆಯ ದಾರಿ ತೆರೆಯುವುದು ಸೊಲೆನಾಯ್ಡ್ ವಾಲ್ವುಗಳು. ನನ್ನ ಯಂತ್ರದಲ್ಲಿ ಅವುಗಳ ಕಾಯಿಲ್‌ಗಳಿಗೆ, ಅಂದರೆ ಕರೆಂಟು ಹರಿದಾಗ ಅಯಸ್ಕಾಂತವಾಗಿ ವಾಲ್ವನ್ನು ಎಳೆಯುವ ತಂತಿಯ ಸುರುಳಿಗಳಿಗೆ, ಲೋಡರ್‌ನ ಕಂಪ್ಯೂಟರ್ ಪೆಟ್ಟಿಗೆಯಾದ ಕಂಟ್ರೋಲರಿನಿಂದ ನೇರವಾಗಿ ಕರೆಂಟು ಹೋಗುತ್ತದೆ, ಮತ್ತು ಅದು ಹೋಗುವುದು ಲೋಡರ್‌ನ ತೋಳಿನ ಮೇಲಿರುವ 14 ಪಿನ್ನಿನ ಕನೆಕ್ಟರ್ ಮೂಲಕ. ಅಟ್ಯಾಚ್‌ಮೆಂಟ್ ಬದಲಿಸಿದಾಗಲೆಲ್ಲ ಬಿಚ್ಚಿ ಸಿಕ್ಕಿಸುವ, ಕೆಸರಿಗೂ ನೀರಿಗೂ ಎಣ್ಣೆಗೂ ಸದಾ ಮೈಯೊಡ್ಡಿರುವ ಈ ಕನೆಕ್ಟರನ್ನೇ ಮೊದಲು ಅನುಮಾನಿಸಬೇಕಿತ್ತು. ನಾವು ಕೊನೆಯಲ್ಲಿ ಅನುಮಾನಿಸಿದೆವು.

ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ ಮ್ಯಾನ್‌ಹೋಲ್‌ಗಳ ಸುತ್ತ ಡಾಂಬರು ಕೆರೆಯುವ ರಾತ್ರಿ ಕೆಲಸವಿತ್ತು. ಹಿಂದಿನ ಮೂರು ದಿನ ಸಂಜೆ ಸಂಜೆ ಮಳೆ ಸುರಿದಿತ್ತು. ಹನ್ನೊಂದೂವರೆಯ ಹೊತ್ತಿಗೆ ಡ್ರಮ್ ಬಲಕ್ಕೆ ಸರಿಯುವುದನ್ನು ನಿಲ್ಲಿಸಿತು, ಪರದೆಯ ಮೇಲೆ ಕೋಡ್ ಬಂತು. ಯಂತ್ರ ಆಫ್ ಮಾಡಿ ಆನ್ ಮಾಡಿದರೆ ಹತ್ತು ನಿಮಿಷ ಸರಿಯಿರುತ್ತಿತ್ತು, ಗುಂಡಿಯೊಂದರ ಮೇಲೆ ಹಾದ ತಕ್ಷಣ ಮತ್ತೆ ಅದೇ ಕೋಡ್. ಎಡಕ್ಕೆ ಮಾತ್ರ ಯಾವ ತಕರಾರೂ ಇಲ್ಲದೆ ಸರಿಯುತ್ತಿತ್ತು. ಕುಲುಕಿದಾಗ ಬರುವ, ಸುಮ್ಮನಿದ್ದಾಗ ಹೋಗುವ, ಒಂದೇ ದಿಕ್ಕಿಗೆ ಸೀಮಿತವಾದ ದೋಷ ಇದು ಎಂಬ ಮೂರು ಸುಳಿವುಗಳು ಅಂದು ರಾತ್ರಿಯೇ ನನ್ನ ಕಣ್ಣ ಮುಂದಿದ್ದವು, ಆದರೆ ನಾನು ಕೋಡನ್ನು ಬರೆದುಕೊಳ್ಳದೆ ಅಳಿಸುತ್ತಾ ಹೋದೆ.

ಮರುದಿನ ಕರೆಸಿದ ವರ್ಕ್‌ಶಾಪಿನವನು ಲ್ಯಾಪ್‌ಟಾಪ್ ಜೋಡಿಸಿ, ಬಲಬದಿಯ ಕಾಯಿಲ್ ‘ಓಪನ್ ಸರ್ಕ್ಯೂಟ್’, ಅಂದರೆ ಕರೆಂಟಿನ ದಾರಿ ಕಡಿದಿದೆ, ಎಂದ. ಕಾಯಿಲ್‌ನ ಪ್ಲಗ್ ಕಳಚಿ ಮಲ್ಟಿಮೀಟರ್ ಹಿಡಿದಾಗ 12.4 ವೋಲ್ಟ್ ತೋರಿಸಿತು. ‘ಸಪ್ಲೈ ಬರ್ತಾ ಇದೆ, ಕಾಯಿಲ್ ಹೋಗಿದೆ’ ಎಂಬ ತೀರ್ಮಾನ ಅಲ್ಲಿಗೇ ಮುಗಿಯಿತು. ಹೊಸ ಕಾಯಿಲ್‌ಗೆ 9,400 ರೂಪಾಯಿ. ಎರಡು ರಾತ್ರಿ ಕಳೆಯುವಷ್ಟರಲ್ಲಿ ಕೋಡ್ ಮರಳಿತು. ಆಗ ಅವನ ಮಾತು ಕಂಟ್ರೋಲರಿನ ಕಡೆ ತಿರುಗಿತು. ಸೆಕೆಂಡ್ ಹ್ಯಾಂಡ್ ಒಂದನ್ನು 58,000 ರೂಪಾಯಿಗೆ ತರಿಸಿ ಹಾಕಿದ. ಬಿಲ್ ಇಲ್ಲ, ವಾಪಸಾತಿ ಇಲ್ಲ, ಬಿಳಿ ಕಾಗದದ ಮೇಲೆ ಮೊತ್ತ ಬರೆದ ಒಂದು ಚೀಟಿ ಅಷ್ಟೇ. ಕೋಡ್ ಮಾತ್ರ ಕದಲಲಿಲ್ಲ.

ಮೂರನೆಯ ಸಲ ಅವನು ಮಾಡಿದ್ದನ್ನು ದಯವಿಟ್ಟು ಯಾರೂ ಮಾಡಗೊಡಬೇಡಿ. ಬ್ಯಾಟರಿಯಿಂದ ನೇರವಾಗಿ ಒಂದು ತಂತಿ ಎಳೆದು, ನಡುವೆ ಟಾಗಲ್ ಸ್ವಿಚ್ ಹಾಕಿ, ಕಾಯಿಲ್‌ಗೆ ಕೊಟ್ಟ. ಕೆಲಸ ನಿಂತಿದೆ ಎಂಬ ಅವಸರದಲ್ಲಿ ನಾನೂ ಒಪ್ಪಿದೆ. ಸೀಟಿನ ಮೇಲೆ ಆಪರೇಟರ್ ಕೂತಿದ್ದಾನೆಯೇ, ಸೀಟ್ ಬಾರ್ ಇಳಿದಿದೆಯೇ ಎಂದು ನೋಡಿಕೊಂಡು, ಜಾಯ್‌ಸ್ಟಿಕ್ ಬಿಟ್ಟೊಡನೆ ಕರೆಂಟು ಕಡಿಯುವ ಕಂಟ್ರೋಲರಿನ ಎಚ್ಚರವೆಲ್ಲ ಆ ಒಂದು ತಂತಿಯಿಂದ ಬದಿಗೆ ಸರಿದುಹೋಗಿತ್ತು. ಚಹಾ ಕುಡಿಯಲು ಇಳಿದ ಆಪರೇಟರ್ ಸ್ವಿಚ್ಚನ್ನು ಆನ್ ಸ್ಥಿತಿಯಲ್ಲೇ ಬಿಟ್ಟಿದ್ದ. ಮರಳಿ ಬಂದು ಹೈಡ್ರಾಲಿಕ್ ಹರಿವು ಕೊಟ್ಟ ಕೂಡಲೇ, ಅವನು ಯಾವ ಬಟನ್ನನ್ನೂ ಒತ್ತದಿದ್ದರೂ ಡ್ರಮ್ ಪೂರ್ತಿ ಬಲಕ್ಕೆ ಜಾರಿತು. ಅಲ್ಲಿ ಸಲಿಕೆ ಹಿಡಿದು ಡಾಂಬರಿನ ಪುಡಿ ಬಳಿಯುತ್ತಿದ್ದ ಹುಡುಗನ ಪಾದಕ್ಕೂ ಡ್ರಮ್ಮಿನ ಹಲ್ಲುಗಳಿಗೂ ನಡುವೆ ಒಂದು ಗೇಣೂ ಉಳಿದಿರಲಿಲ್ಲ. ಅವನು ಅಷ್ಟು ಹತ್ತಿರ ಇರಬಾರದಿತ್ತು ಎನ್ನುವುದು ನಿಜ. ಆದರೆ ರಾತ್ರಿ ಕೆಲಸದಲ್ಲಿ ಹುಡುಗರು ಎಲ್ಲಿರುತ್ತಾರೆಂದು ನಮಗೆ ಗೊತ್ತಿಲ್ಲವೆ? ಅಂದೇ ಆ ತಂತಿಯನ್ನು ಕತ್ತರಿಸಿ ಎಸೆದೆ.

ಯಂತ್ರ ಹನ್ನೊಂದು ದಿನ ಶೆಡ್ಡಿನಲ್ಲಿ ನಿಂತ ಮೇಲೆ, ಬಸ್ಸುಗಳ ವೈರಿಂಗ್ ಮಾಡಿ ನಿವೃತ್ತರಾದ ಹಿರಿಯರೊಬ್ಬರನ್ನು ಪರಿಚಯದವರು ಕಳಿಸಿಕೊಟ್ಟರು. ಅವರ ಬಳಿ ಲ್ಯಾಪ್‌ಟಾಪ್ ಇರಲಿಲ್ಲ. ಎಡ ಮತ್ತು ಬಲ ಕಾಯಿಲ್‌ಗಳ ಪ್ಲಗ್‌ಗಳನ್ನು ಅದಲು ಬದಲು ಮಾಡಿಸಿ ಯಂತ್ರ ಓಡಿಸಲು ಹೇಳಿದರು. ಬಲದ ತಂತಿ ಈಗ ಎಡದ ಕಾಯಿಲ್‌ಗೆ ಹೋಗುತ್ತಿದ್ದರೂ ಕೋಡ್ ಬಲದ ಸರ್ಕ್ಯೂಟನ್ನೇ ದೂರಿತು. ‘ಕಾಯಿಲ್ ಮೇಲೆ ತಪ್ಪಿಲ್ಲ’ ಎಂದರು. ನಯಾಪೈಸೆ ಖರ್ಚಿಲ್ಲದ ಪರೀಕ್ಷೆ. ಇದನ್ನು ಮೊದಲ ದಿನವೇ ಮಾಡಿದ್ದರೆ ಹೊಸ ಕಾಯಿಲ್‌ನ ದುಡ್ಡು ಉಳಿಯುತ್ತಿತ್ತು.

ನಂತರ ಅವರು ಜೇಬಿನಿಂದ ತೆಗೆದದ್ದು ಎರಡು ತಂತಿ ಬೆಸೆದ 12 ವೋಲ್ಟ್, 21 ವಾಟ್‌ನ ಇಂಡಿಕೇಟರ್ ಬಲ್ಬು. ಮೊದಲು ಕಾಯಿಲ್‌ನ ಪ್ಲಗ್ಗಿಗೆ ಮೀಟರ್ ಹಿಡಿದರು: 12.4 ವೋಲ್ಟ್, ವರ್ಕ್‌ಶಾಪಿನವನು ಕಂಡಷ್ಟೇ. ಅದೇ ಜಾಗಕ್ಕೆ ಬಲ್ಬು ಸಿಕ್ಕಿಸಿದಾಗ ಅದು ಬೂದಿ ಮುಚ್ಚಿದ ಕೆಂಡದ ಹಾಗೆ ಮಿಣುಕಿತು, ಮೀಟರ್ ಮೂರು ವೋಲ್ಟಿಗೆ ಕುಸಿಯಿತು. ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಎನ್ನುವಷ್ಟು ಕಡಿಮೆ ಎಳೆಯುತ್ತದೆ, ಆದ್ದರಿಂದ ಕೂದಲೆಳೆಯಷ್ಟು ಸಂಪರ್ಕ ಉಳಿದಿದ್ದರೂ ಮೀಟರಿನಲ್ಲಿ ಪೂರ್ತಿ ವೋಲ್ಟೇಜ್ ಕಾಣುತ್ತದೆ. 21 ವಾಟ್ ಬಲ್ಬು ಸುಮಾರು 1.75 ಆಂಪಿಯರ್ ಬೇಡುತ್ತದೆ, ಅಂದರೆ ಹೆಚ್ಚುಕಡಿಮೆ ಆ ಕಾಯಿಲ್‌ನಷ್ಟೇ, ಮತ್ತು ಹದಗೆಟ್ಟ ಸಂಪರ್ಕದ ಬಣ್ಣ ಅಲ್ಲಿ ಬಯಲಾಗುತ್ತದೆ. ಸೆನ್ಸರಿನ 5 ವೋಲ್ಟ್ ತಂತಿಗಾಗಲಿ, ಕಂಟ್ರೋಲರುಗಳು ಪರಸ್ಪರ ಮಾತಾಡುವ ಕ್ಯಾನ್ ತಂತಿಗಾಗಲಿ ಈ ಬಲ್ಬನ್ನು ಮುಟ್ಟಿಸಬಾರದು, ಮುಟ್ಟಿಸಿದರೆ ಕಂಟ್ರೋಲರ್ ನಿಜವಾಗಿಯೂ ಸುಟ್ಟೀತು ಎಂದು ಎರಡು ಸಲ ಒತ್ತಿ ಹೇಳಿದರು.

ಬಲ್ಬು ಉರಿಯುತ್ತಿರುವಾಗಲೇ ತಂತಿಗಳ ಕಟ್ಟಾದ ಹಾರ್ನೆಸ್ಸನ್ನು ಕೈಯಳತೆಯ ದೂರಕ್ಕೊಮ್ಮೆ ಅಲುಗಿಸುತ್ತಾ ಬಂದರು. 14 ಪಿನ್ನಿನ ಕನೆಕ್ಟರನ್ನು ಅಲುಗಿಸಿದಾಗ ಬಲ್ಬು ಮಿಂಚಿ ಆರಿತು. ಬಿಚ್ಚಿ ಟಾರ್ಚ್ ಹಾಕಿ ನೋಡಿದರೆ, ಒಂದು ತೂತಿನ ಸುತ್ತ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟಾಗ ಬರುವಂಥ ಹಸಿರು ಕಿಲುಬು, ಮತ್ತು ಆ ಸಾಕೆಟ್ ಉಳಿದವುಗಳಿಗಿಂತ ಎರಡು ಮಿಲಿಮೀಟರ್ ಹಿಂದಕ್ಕೆ ಸರಿದಿತ್ತು. ಪ್ರತಿ ಭಾನುವಾರ ಹೈ ಪ್ರೆಶರ್ ನೀರಿನಲ್ಲಿ ಯಂತ್ರ ತೊಳೆಸುವಾಗ ಜೆಟ್ಟನ್ನು ಆ ಮುಚ್ಚಳದ ಮೇಲೇ ಹಿಡಿಯುತ್ತಿದ್ದದ್ದು ನಮ್ಮ ಹುಡುಗರೇ. ಎಸ್.ಪಿ. ರಸ್ತೆಯಲ್ಲಿ ಹುಡುಕಿ ತಂದ ಹೊಸ ಸಾಕೆಟ್ ಪಿನ್ ಮತ್ತು ರಬ್ಬರ್ ಸೀಲ್ ಹಾಕಿದ ಮೇಲೆ ಬಲ್ಬು ಕಣ್ಣು ಕುಕ್ಕುವಷ್ಟು ಉರಿಯಿತು.

ಕಳಚಿಟ್ಟಿದ್ದ ಹಳೆಯ ಕಾಯಿಲ್ಲನ್ನು ಆಮೇಲೆ ಅಳೆದಾಗ 7 ಓಮ್ ತೋರಿಸಿತು, ಯಾವ ಊನವೂ ಇಲ್ಲ. 12.6 ವೋಲ್ಟಿಗೆ ಅದು 1.8 ಆಂಪಿಯರ್ ಎಳೆಯಬೇಕು. ದಾರಿಯಲ್ಲಿ ಕಿಲುಬಿನ 14 ಓಮ್ ಸೇರಿಕೊಂಡರೆ 0.6 ಆಂಪಿಯರ್‌ಗೆ ಇಳಿಯುತ್ತದೆ, ವಾಲ್ವ್ ಏಳುವುದಿಲ್ಲ. ಇಲ್ಲಿಯೇ ನನಗೆ ಅತ್ಯಂತ ಬೇಸರವಾಗಿದ್ದು. ನನ್ನ ಯಂತ್ರದಂತೆ ಜೆ1939 ಎಂಬ, ಭಾರಿ ವಾಹನಗಳ ಕಂಟ್ರೋಲರುಗಳು ಮಾತಾಡುವ ಪದ್ಧತಿ ಅನುಸರಿಸುವ ಯಂತ್ರಗಳಲ್ಲಿ ಕೋಡಿಗೆ ಎರಡು ಭಾಗ: ಎಸ್‌ಪಿಎನ್ ಎಂಬ ಸಂಖ್ಯೆ ಯಾವ ಸರ್ಕ್ಯೂಟ್ ಎಂದು ಹೇಳುತ್ತದೆ, ಎಫ್‌ಎಂಐ ಎಂಬ ಸಂಖ್ಯೆ ದೋಷ ಯಾವ ಬಗೆಯದೆಂದು ಹೇಳುತ್ತದೆ. ನನ್ನ ಪರದೆಯಲ್ಲಿದ್ದದ್ದು ಎಫ್‌ಎಂಐ 5. ಅದರ ಪೂರ್ಣ ಅರ್ಥ ‘ಕರೆಂಟು ಇರಬೇಕಾದ್ದಕ್ಕಿಂತ ಕಡಿಮೆ, ಅಥವಾ ಸರ್ಕ್ಯೂಟ್ ತೆರೆದಿದೆ’ ಎಂದು. ಯಂತ್ರ ನಿಜವನ್ನೇ ಹೇಳಿತ್ತು. ವರ್ಕ್‌ಶಾಪಿನವನು ಅದರ ಎರಡನೆಯ ಅರ್ಧವನ್ನು ಮಾತ್ರ ಓದಿ, ಅದಕ್ಕೆ ಕಾಯಿಲ್‌ನ ಹೆಸರನ್ನು ತಾನೇ ಸೇರಿಸಿದ್ದ. 3 ಎಂದರೆ ವೋಲ್ಟೇಜ್ ಹೆಚ್ಚು, 4 ಎಂದರೆ ವೋಲ್ಟೇಜ್ ಕಡಿಮೆ, 6 ಎಂದರೆ ಕರೆಂಟು ಹೆಚ್ಚು ಅಥವಾ ತಂತಿ ಅರ್ಥ್‌ಗೆ ತಾಗಿದೆ. ಇವುಗಳಲ್ಲಿ ಒಂದೂ ಯಾವ ಬಿಡಿಭಾಗ ಹಾಳಾಗಿದೆ ಎಂದು ಹೇಳುವುದಿಲ್ಲ. ತಮ್ಮದೇ ಸಂಖ್ಯೆಗಳನ್ನು ಬಳಸುವ ಕಂಪನಿಗಳೂ ಇವೆ, ಅಲ್ಲಿ ಸರ್ವಿಸ್ ಪುಸ್ತಕವನ್ನೇ ನೋಡಬೇಕು.

ಅಟ್ಯಾಚ್‌ಮೆಂಟಿಗೆ ತನ್ನದೇ ಕಂಟ್ರೋಲರ್ ಇದ್ದು, ‘ಸಂಪರ್ಕ ಇಲ್ಲ’ ಎಂಬ ಕೋಡ್ ಬಂದರೆ ಪರೀಕ್ಷೆ ಬೇರೆ. ಬ್ಯಾಟರಿ ಕಳಚಿ ಎರಡು ಕ್ಯಾನ್ ತಂತಿಗಳ ನಡುವೆ ಓಮ್ ಅಳೆಯಿರಿ: ಎರಡು ತುದಿಗಳಲ್ಲೂ 120 ಓಮ್‌ನ ರೆಸಿಸ್ಟರ್ ಇರುವುದರಿಂದ 60 ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ತಂತಿಗಳೆರಡೂ ಒಂದಕ್ಕೊಂದು ತಾಗಿವೆ. ಯಾರಾದರೂ ಸೂಜಿಮೊನೆಯ ಟೆಸ್ಟರ್‌ನಿಂದ ತಂತಿಯ ಮೈಯನ್ನು ಚುಚ್ಚಲು ಹೋದರೆ ಅಲ್ಲೇ ತಡೆಯಿರಿ. ಆ ತೂತಿನಿಂದ ಒಳಗಿಳಿದ ಮಳೆನೀರು ಮುಂದಿನ ವರ್ಷದ ಕಿಲುಬಾಗುತ್ತದೆ. ಬಕೆಟ್ಟಿಗೋ ಪ್ಲೇನರ್‌ಗೋ ವೆಲ್ಡಿಂಗ್ ಮಾಡಿಸುವ ಮುನ್ನ ಬ್ಯಾಟರಿಯನ್ನೂ ಆ ಕನೆಕ್ಟರನ್ನೂ ಕಳಚಿಸಿ.

ನನ್ನ ಮೂಲ ಕಂಟ್ರೋಲರನ್ನು ಮತ್ತೆ ಹಾಕಿಸಿದ್ದೇನೆ, ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ. 58,000 ರೂಪಾಯಿಯದನ್ನು ಹಿಂದಿರುಗಿಸಲು ಹೋದಾಗ ವರ್ಕ್‌ಶಾಪಿನವನು, ‘ಇಟ್ಕೊಳ್ಳಿ ಸಾರ್, ಮುಂದೆ ಯಾವಾಗಲಾದರೂ ಬೇಕಾಗುತ್ತೆ’ ಎಂದ. ಹಳೆಯ ಗೋಣಿಚೀಲದಲ್ಲಿ ಸುತ್ತಿ ಶೆಡ್ಡಿನ ಅಟ್ಟದ ಮೇಲೆ ಇಟ್ಟಿದ್ದೇನೆ.