ಪದ್ಮಿನಿ ಕಾರಿನ ಜೊತೆ ಒಂಬತ್ತು ವರ್ಷ, ಎರಡು ಬೇಸಿಗೆ ಸುರಿದ ನೀರು

ನನ್ನದು 1986ರ ಪ್ರೀಮಿಯರ್ ಪದ್ಮಿನಿ ಕಾರು. ಪೆಟ್ರೋಲ್, 1089 ಸಿಸಿ, ಗೇರ್ ಸ್ಟೀರಿಂಗ್ ಪಕ್ಕದಲ್ಲೇ. ನಮ್ಮ ದಾವಣಗೆರೆಯಲ್ಲಿ ಇದಕ್ಕೆ ಫಿಯಟ್ ಅಂತಲೇ ಹೆಸರು. ನೋಡಿದವರು ವಿಂಟೇಜ್ ಅಂತಾರೆ, ಆದರೆ ಸರ್ಕಾರದ ಲೆಕ್ಕದಲ್ಲಿ ಅದಕ್ಕೆ 50 ವರ್ಷ ತುಂಬಬೇಕು. ಈ ಗಾಡಿ ರಸ್ತೆಗಿಳಿದಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಅಷ್ಟು ಹಳೇದಂತೂ ಹೌದು.

ನನ್ನ ಹತ್ತಿರ ಇರುವ ಈ ಒಂಬತ್ತು ವರ್ಷದಲ್ಲಿ ಬೆಳಗಿನ ಹೊತ್ತು ಇದು ನನ್ನನ್ನು ಸತಾಯಿಸಿದ್ದು ಕಡಿಮೆ. ಚೋಕ್ ಎಳೆದು ಕೀಲಿ ತಿರುಗಿಸಿದರೆ ಸಾಕು. ತಕರಾರು ಇದ್ದದ್ದು ಇಂಜಿನ್ ಕಾದ ಮೇಲೆ.

ಏಪ್ರಿಲ್ ಬಿಸಿಲಲ್ಲಿ ದುರ್ಗಕ್ಕೆ ಹೊರಟು ಭರಮಸಾಗರದಲ್ಲಿ ಟೀ ಕುಡಿಯೋಕೆ ನಿಲ್ಲಿಸಿದರೆ ಮುಗೀತು. ಸ್ಟಾರ್ಟರ್ ಗಿರಗಿರ ತಿರುಗುತ್ತೆ, ಇಂಜಿನ್ ಹಿಡಿಯಲ್ಲ. ಸುತ್ತ ಸೇರಿದವರದ್ದೆಲ್ಲ ಒಂದೇ ಮಾತು: ‘ಪೆಟ್ರೋಲ್ ಆವಿ ಆಗಿದೆ ಸಾರ್, ಪಂಪಿಗೆ ಒದ್ದೆ ಬಟ್ಟೆ ಸುತ್ತಿ.’ ಸುತ್ತಿ, ನೀರು ಸುರಿದು, ಅರ್ಧ ಗಂಟೆ ಕಾದರೆ ಸ್ಟಾರ್ಟ್ ಆಗ್ತಿತ್ತು. ಇನ್ನೇನು ಸಾಕ್ಷಿ ಬೇಕು? ಹಾಗಂತ ಎರಡು ಬೇಸಿಗೆ ನೀರು ಸುರಿದೆ. ಪಂಪನ್ನೂ ಬದಲಾಯಿಸಿದೆ, ದಂಡ.

ಒಂದು ದಿನ ನೀರಿನ ಬಾಟಲಿ ಮನೆಯಲ್ಲೇ ಮರೆತಿದ್ದೆ. ಸುಮ್ನೆ ಬಾನೆಟ್ ಎತ್ತಿ ಬೇವಿನ ನೆರಳಲ್ಲಿ ಕೂತೆ. ಅರ್ಧ ಗಂಟೆಗೆ ಸರಿಯಾಗಿ ಸ್ಟಾರ್ಟ್ ಆಯ್ತು! ಅಂದರೆ ಕೆಲಸ ಮಾಡಿದ್ದು ನೀರಲ್ಲ, ಅರ್ಧ ಗಂಟೆ.

ಮುಂದಿನ ಸಲ ನಿಂತಾಗ ಏರ್ ಫಿಲ್ಟರ್ ತೆಗೆದು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಒಳಗೆ ಇಣುಕಿದೆ. ಆಕ್ಸಿಲರೇಟರ್ ಅದುಮಿದರೆ ಪೆಟ್ರೋಲ್ ಚಿರ್ರಂತ ಚಿಮ್ಮಿತು. ಹಾಗಾದರೆ ಪೆಟ್ರೋಲ್ ಬರ್ತಾ ಇದೆ ಅಲ್ವಾ? ಫಿಲ್ಟರ್ ಮುಚ್ಚಿ, ಆವಿ ಆರಲಿ ಅಂತ ಸ್ವಲ್ಪ ತಡೆದು, ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಅದನ್ನು ಕೇಬಲ್ಲಿಗೆ ಸಿಕ್ಕಿಸಿ, ಪ್ಲಗ್ಗಿನ ತೂತಿನಿಂದ ದೂರ ಇಂಜಿನ್ ಕಬ್ಬಿಣಕ್ಕೆ ತಾಗಿಸಿ, ತಮ್ಮನಿಗೆ ಕೀಲಿ ತಿರುಗಿಸೋಕೆ ಹೇಳಿದೆ. ಚಟ್ ಅನ್ನೋ ನೀಲಿ ಕಿಡಿ ಬರಬೇಕಿತ್ತು. ಬಂದದ್ದು ಹಳದಿ, ಜೀವ ಇಲ್ಲದ ಕಿಡಿ.

ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿದರೆ, ಒಳಗೆ ಕರೆಂಟನ್ನು ಕೂಡಿಸಿ ಬಿಡಿಸುವ ಪಾಯಿಂಟ್ ಸುಟ್ಟು ಕರಿ ಹಿಡಿದಿತ್ತು, ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊಡವೆ ಥರ ದಿಬ್ಬ. ಕಳ್ಳ ಯಾರಂದ್ರೆ ಕಂಡೆನ್ಸರ್. ಪಾಯಿಂಟ್ ಬಿಚ್ಚಿಕೊಳ್ಳುವ ಕ್ಷಣ ಕರೆಂಟ್ ಅಲ್ಲೇ ಕಿಡಿಯಾಗಿ ಹಾರದಂತೆ ಹಿಡಿದುಕೊಳ್ಳೋದು ಅದರ ಕೆಲಸ. ಅದು ಕೈಕೊಟ್ಟರೆ ಪಾಯಿಂಟ್ ಸುಡುತ್ತೆ, ಪ್ಲಗ್ಗಿಗೆ ಕಿಡಿ ಸಾಲಲ್ಲ. ನನ್ನದು ಕಾದಾಗ ಕೈಕೊಡ್ತಿತ್ತು, ಆರಿದಾಗ ಸರಿಹೋಗ್ತಿತ್ತು. ಬೇಜಾರಿನ ವಿಷಯ ಅಂದ್ರೆ ಅದು ಹೊಸದು, ಈ ಕಾಟ ಶುರುವಾಗುವ ಮುಂಚೆಯಷ್ಟೇ ಹಾಕಿಸಿದ್ದು. ಹೊಸದು ಅಂತ ಅದರ ಮೇಲೆ ಅನುಮಾನವೇ ಬರಲಿಲ್ಲ.

ಗುಜರಿಯಲ್ಲಿ ಸಿಕ್ಕ ಹಳೇ ಒರಿಜಿನಲ್ ಕಂಡೆನ್ಸರ್ ಹಾಕಿ, ಹೊಸ ಪಾಯಿಂಟ್ ಕೂರಿಸಿ, ಸಂದು ಅಳೆಯುವ ಫೀಲರ್ ಗೇಜ್ ಇಟ್ಟು ಸುಮಾರು 0.45 ಮಿ.ಮೀ. ಸಂದು ಬಿಟ್ಟೆ. ಅದಾದ ಮೇಲೆ ಮೂರು ಬೇಸಿಗೆ ಕಳೆದಿವೆ. ಭರಮಸಾಗರದಲ್ಲಿ ಈಗ ಟೀ ಜೊತೆ ಮಂಡಕ್ಕಿ ಮಿರ್ಚಿನೂ ಆಗುತ್ತೆ, ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್.

ಉಳಿದಂತೆ ಬ್ರೇಕ್ ಭಾರ, ಒಳಗೆ ಸೆಕೆ ಜಾಸ್ತಿ, ಹಿಂದಿನ ಸೀಟು ಸೋಫಾ ಥರ. ಎಥನಾಲ್ ಬೆರೆಸಿದ ಪೆಟ್ರೋಲ್ ಹಳೇ ರಬ್ಬರಿಗೆ ಆಗಿಬರಲ್ಲ ಅಂತ ಪೈಪುಗಳನ್ನೆಲ್ಲ ಬದಲಾಯಿಸಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್. ನೀರಿನ ಬಾಟಲಿ ಈಗಲೂ ಗಾಡಿಯಲ್ಲೇ ಇರುತ್ತೆ, ಕುಡಿಯೋಕೆ.