ಕಾರ್ಬನ್ ಫೈಬರ್ ದೋಟಿ: ಬೀಳುವ ಭಯ ಹೋಯ್ತು, ತಂತಿಯ ಭಯ ಬಂತು

ಮರ ಹತ್ತಿ ಅಡಿಕೆ ಕೊನೆ (ಗೊನೆ) ಇಳಿಸುವ ಕೊನೆಗೌಡರು ಸಿಗದೆ ಶಿರಸಿ ಕಡೆಯ ಅಡಿಕೆ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ, ಅಂದರೆ ಒಂದರೊಳಗೊಂದು ಜಾರುವ ಕೊಳವೆಗಳ ಉದ್ದ ಕೋಲು, ಬಂದಿದೆ. ಮದ್ದು ಹೊಡೆಯುವುದು, ಕೊನೆ ಇಳಿಸುವುದು ಎರಡೂ ನೆಲದ ಮೇಲೆ ನಿಂತೇ. 60 ಅಡಿಯದ್ದು ಹೆಚ್ಚಿನ ತೋಟಕ್ಕೆ ಸಾಕು. 80 ಅಡಿಯದ್ದು ತುದಿಯಲ್ಲಿ ಬಳುಕುತ್ತದೆ, ಪಳಗಿದ ಕೈಯೇ ಬೇಕು.

ಬೆಲೆ ಕೇಳಿ ಹುಬ್ಬೇರಿಸುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ದೇಶದ ಸರಾಸರಿ ಆಯಸ್ಸು ಸುಮಾರು 70. ಹುಟ್ಟಿದ ಸಾವಿರ ಮಕ್ಕಳಲ್ಲಿ ಒಬ್ಬ 30ಕ್ಕೇ ಮರದಿಂದ ಬಿದ್ದು ಹೋದರೆ, ಅವನು ಬದುಕಬೇಕಿದ್ದ 40 ವರ್ಷ ಸಾವಿರ ಪಾಲಾಗಿ ಸರಾಸರಿಯಲ್ಲಿ ಹೆಚ್ಚುಕಡಿಮೆ 15 ದಿನ ಇಳಿಯುತ್ತದೆ. 75ರ ಅಜ್ಜ ಕಾಯಿಲೆಯಿಂದ ತೀರಿಕೊಂಡರೆ, ಇನ್ನೂ 10 ವರ್ಷ ಇರುತ್ತಿದ್ದರು ಎಂದುಕೊಂಡರೂ ಇಳಿಯುವುದು ನಾಲ್ಕು ದಿನಕ್ಕಿಂತ ಕಡಿಮೆ. ಆಸ್ಪತ್ರೆ ಎಷ್ಟು ಕಟ್ಟಿದರೂ ಸ್ಥಳದಲ್ಲೇ ಹೋದ ಜೀವದ ವರ್ಷಗಳು ವಾಪಸ್ ಬರುವುದಿಲ್ಲ. ದೋಟಿಯ ಬೆಲೆಯನ್ನು ಇದರ ಜೊತೆ ತೂಗಿ ನೋಡಿ.

ಇನ್ನು ದೋಷ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ಮಾರುವವರು ಇದನ್ನು ಮೆಲ್ಲಗೆ ಹೇಳುತ್ತಾರೆ, ಇಲ್ಲವೇ ಹೇಳುವುದೇ ಇಲ್ಲ. ಹಿಡಿಗೆ ರಬ್ಬರ್ ಸುತ್ತಿದೆ ಎಂದು ನಂಬಿ ಕೂರಬೇಡಿ: ಒದ್ದೆ ಕೈ, ಪೈಪಿನಿಂದ ಇಳಿಯುವ ಬೋರ್ಡೋ (ಮೈಲುತುತ್ತ, ಸುಣ್ಣದ ಮದ್ದು) ದ್ರಾವಣ, ಮಳೆಗಾಲದ ನೆಲ ಎಲ್ಲವೂ ಸೇರಿದಾಗ 11 ಕೆವಿ ತಂತಿಗೆ ಅದು ಯಾವ ತಡೆಯೂ ಅಲ್ಲ. ದೋಟಿ ಪೂರ್ತಿ ಉದ್ದಕ್ಕೆ ವಾಲಿ ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಬೇಕು. ತೋಟದ ನಡುವೆಯೇ ಲೈನ್ ಹೋಗಿದ್ದರೆ ಅದರಲ್ಲಿ ಕರೆಂಟ್ ಇರುವಾಗ ಆ ಸಾಲಿನ ಮರಗಳಿಗೆ ದೋಟಿ ಎತ್ತಲೇಬೇಡಿ. ವಿದ್ಯುತ್ ಕಂಪನಿ ಹೆಸ್ಕಾಂಗೆ ಮೊದಲೇ ತಿಳಿಸಿ, ಲೈನ್ ಆಫ್ ಆಗಿದೆ ಎಂದು ಖಾತ್ರಿಯಾದ ಮೇಲಷ್ಟೇ ಕೆಲಸ.

ದೋಟಿಯನ್ನು ಉದ್ದಕ್ಕೆ ಬಿಚ್ಚುವಾಗ ತುದಿಯ ಸಪೂರ ತುಂಡು ಮೊದಲು, ಮಡಚುವಾಗ ಬುಡದ ದಪ್ಪ ತುಂಡು ಮೊದಲು. ಶೇಕಡಾ 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಆ ಸುಣ್ಣದ ಗಸಿಯೇ ತುಂಡುಗಳನ್ನು ಬಿಗಿದು ಹಿಡಿಯುವ ಕ್ಲಾಂಪಿನ ಶತ್ರು. ಸಂದಿಯಲ್ಲಿ ಕೂತು ಒಣಗಿದರೆ ಲಾಕ್ ಸರಿಯಾಗಿ ಹಿಡಿಯುವುದಿಲ್ಲ, ಮೇಲಿನ ತುಂಡು ಸರ್ರನೆ ಜಾರಿ ಬೆರಳು ಜಜ್ಜುತ್ತದೆ. ದಿನದ ಕೆಲಸ ಮುಗಿದ ಮೇಲೆ ತೊಳೆದು ಒರೆಸಿಡಿ. ಟೊಳ್ಳು ಕೊಳವೆ, ಅಪ್ಪಿತಪ್ಪಿ ತುಳಿದರೆ ಸೀಳು ಬಿಡುತ್ತದೆ. ಹೆಲ್ಮೆಟ್, ಕನ್ನಡಕ ಬೇಕೇ ಬೇಕು. ಕೊನೆಯೂ ಮದ್ದೂ ಬೀಳುವುದು ಮುಖದ ಮೇಲೇ.

ದುಡ್ಡು ಕೊಡುವ ಮೊದಲು ಅಂಗಡಿಯ ಅಂಗಳದಲ್ಲಿ, ಮೇಲೆ ತಂತಿ ಇಲ್ಲದ ಕಡೆ, ಪೂರ್ತಿ ಬಿಚ್ಚಿಸಿ ನೋಡಿ. ಕ್ಲಾಂಪ್, ಒಂಟಿ ತುಂಡು ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ. ಸಿಗದಿದ್ದರೆ ಬೇರೆ ಅಂಗಡಿ ನೋಡಿ.